ಬಿಡುವಿನ ವೇಳೆ: ಉಳವಿ ದಾರಿಯ ಕಾಡು, ನೀರುಬಣ್ಣದಲ್ಲಿ



ಈ ಸಲ ಬಂದ ಪತ್ರಗಳಲ್ಲಿ ಗಜೇಂದ್ರಗಡದ ಸೋದರಿಯೊಬ್ಬರದನ್ನು ಪೂರ್ತಿ ಜಾಗ ಕೊಟ್ಟು ಉತ್ತರಿಸಬೇಕು ಅನ್ನಿಸಿತು. ಅವರ ಮಾತಿನಲ್ಲೇ ಕೇಳಿ: “ಅಕ್ಕಾರ, ನಮ್ಮ ಅತ್ತೀಯವರ ಪೆಟ್ಟಿಗ್ಯಾಗ ಒಂದು ಫೋಟೋ ಐತ್ರಿ. 1984ರಾಗ ಧಾರವಾಡದ ಕಡೆ ಇರೋ ಅವರ ತವರುಮನಿಯಿಂದ ಚಕ್ಕಡಿ ಕಟಗೊಂಡು ಉಳವಿ ಜಾತ್ರಿಗೆ ಹೋದಾಗ, ದಾಂಡೇಲಿ ದಾಟಿದ ಮ್ಯಾಲೆ ಕಾಡಿನಾಗ ಇಳದಿದ್ರಂತ. ಅಲ್ಲೇ ತಗದದ್ದು. ಈಗ ಫೋಟೋ ಪೂರಾ ಕೆಂಪಾಗೇತಿ. ಅತ್ತೀಯವರ ಕಣ್ಣಿಗೆ ಪೊರೆ ಬಂದೈತಿ. ಕೈಯಾಗ ಹಿಡದು, ಏನೂ ಕಾಣಸೂದಿಲ್ಲ ಅಂತ ವಾಪಸ್ ಕೊಡತಾರ. ದೊಡ್ಡದಾಗಿ ನೀರುಬಣ್ಣದಾಗ ತಗದು ಅವರ ಮುಂದ ಇಡಬೇಕಂತ ಮಾಡೇನಿ. ಸಾಲಿ ಬಿಟ್ಟ ಮ್ಯಾಲೆ ಬ್ರಷ್ ಹಿಡದಿಲ್ಲ. ಆಗತೈತೇನ್ರಿ?”

ಆಗುತ್ತದೆ ತಾಯಿ, ಖಂಡಿತ ಆಗುತ್ತದೆ. ಪತ್ರದ ಜೊತೆ ಫೋಟೋದ ನಕಲನ್ನೂ ಕಳಿಸಿದ್ದು ಒಳ್ಳೆಯದಾಯಿತು. ಎರಡು ಚಕ್ಕಡಿ, ಕೊಳ್ಳು ಬಿಚ್ಚಿದ ಬಿಳಿ ಎತ್ತುಗಳು, ಮೂರು ಕಲ್ಲಿನ ಒಲೆ, ಬಗ್ಗಿ ಒಲೆ ಊದುತ್ತಿರುವ ಹೆಣ್ಣುಮಗಳು, ಅಂದರೆ ನಿಮ್ಮ ಅತ್ತೆ. ಹಿಂದೆಲ್ಲ ಮರ, ಮರ, ಮರ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗಲಾರದು.

ಬಣ್ಣಕ್ಕೆ ಮೊದಲು ಕಣ್ಣಿನ ಮಾತು. ಪೊರೆ ಎಂದು ಡಾಕ್ಟರು ಹೇಳಿದ್ದಾರೆ, ಸಕ್ಕರೆ ಕಾಯಿಲೆ ಹತೋಟಿಗೆ ಬಂದ ಮೇಲೆ ಆಪರೇಷನ್ ಎಂದಿದ್ದಾರೆ ಎಂದು ಬರೆದಿದ್ದೀರಿ. ಅದನ್ನು ಕೈಬಿಡಬೇಡಿ. ವಯಸ್ಸಾಯಿತು, ಇನ್ನೇಕೆ ಎನ್ನುವ ಮಾತು ಮನೆಯಲ್ಲಿ ಬಂದರೆ ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೋನೆಯ ಕಥೆ ಹೇಳಿ. ಆತನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪೊರೆ ಬಲಿತಾಗ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಬಣ್ಣ ಒಳಗೆ ಬಾರದಂತೆ ತಡೆಯುತ್ತದೆ. ಆ ವರ್ಷಗಳ ಅವನ ತೋಟದ ಚಿತ್ರಗಳಲ್ಲಿ ಕೆಂಪು, ಕಂದು ಜಾಸ್ತಿ. 1923ರಲ್ಲಿ, 82ನೆಯ ವಯಸ್ಸಿನಲ್ಲಿ, ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮತ್ತೆ ಬ್ರಷ್ ಹಿಡಿದ. ಆಗಿನ ಚಿಕಿತ್ಸೆಗೂ ಈಗಿನದಕ್ಕೂ ಅಜಗಜಾಂತರ. ಇದರಿಂದ ನಿಮ್ಮ ಕೆಲಸಕ್ಕೂ ಒಂದು ಸೂಚನೆ ಇದೆ: ಅತ್ತೆಯವರಿಗೆ ಈಗ ಕಾಣುವ ಹಾಗೆ ಬಣ್ಣ ಹಚ್ಚಬೇಡಿ. ಕಾಡು ಹೇಗಿತ್ತೋ ಹಾಗೆ ಹಚ್ಚಿ. ಆಪರೇಷನ್ ಆದ ಮೇಲೂ ಅವರು ಅದೇ ಚಿತ್ರ ನೋಡಬೇಕಲ್ಲ!

ಕಾಡು ಹೇಗಿತ್ತು ಅನ್ನುವುದೇ ಪ್ರಶ್ನೆ. ಫೋಟೋ ಕೆಂಪಾಗಿದೆ. ಬಣ್ಣದ ಫೋಟೋದ ಕಾಗದದಲ್ಲಿ ಮೂರು ಪದರ ಬಣ್ಣ ಇರುತ್ತದೆ: ಹಳದಿ, ನೇರಳೆಗೆಂಪು, ಹಸಿರುನೀಲಿ. ಆ ಕಾಲದ ಎಷ್ಟೋ ಫೋಟೋಗಳಲ್ಲಿ ಹಸಿರುನೀಲಿಯ ಪದರ ಮೊದಲು ಸೋಲುತ್ತದೆ, ಬೆಳಕೇ ಬೀಳದ ಪೆಟ್ಟಿಗೆಯಲ್ಲಿದ್ದರೂ ಸೋಲುತ್ತದೆ. ಉಳಿದ ಎರಡು ಸೇರಿ ಕೆಂಪು. ಅತ್ತೆಯವರು ಜೋಪಾನ ಮಾಡಲಿಲ್ಲ ಅಂತೇನೂ ಅಲ್ಲ.

ಈ ಕೆಂಪಿನಲ್ಲಿ ಎಷ್ಟು ಸುಳ್ಳು ಅಂತ ತಿಳಿಯಲು ಚಿತ್ರದಲ್ಲಿ ನಿಮಗೆ ಖಾತ್ರಿ ಬಣ್ಣ ಗೊತ್ತಿರುವ ವಸ್ತು ಒಂದನ್ನು ಹುಡುಕಬೇಕು. ನಿಮ್ಮ ಪುಣ್ಯಕ್ಕೆ ಎತ್ತುಗಳಿವೆ! ಬಿಳಿ ಎತ್ತು ಫೋಟೋದಲ್ಲಿ ಎಷ್ಟು ಗುಲಾಬಿಯಾಗಿ ಕಾಣುತ್ತದೋ, ಅಷ್ಟು ಗುಲಾಬಿ ಇಡೀ ಚಿತ್ರದ ಮೇಲೆ ಕೂತಿದೆ. ಮನಸ್ಸಿನಲ್ಲೇ ಅಷ್ಟನ್ನು ಎಲ್ಲ ಕಡೆಯಿಂದ ಕಳೆಯಿರಿ. ಮಕ್ಕಳ ಫೋನಿನಲ್ಲಿ ಬಣ್ಣ ತಿದ್ದುವ ಸೌಲಭ್ಯ ಇರುತ್ತದೆ. ಅಲ್ಲೂ ಎತ್ತು ಬೆಳ್ಳಗಾಗುವವರೆಗೆ ತಿದ್ದಿಸಿ ನೋಡಬಹುದು. ಆದರೆ ಪೂರಾ ಹೋದ ಹಸಿರನ್ನು ಯಾವ ಫೋನೂ ಮರಳಿ ತರುವುದಿಲ್ಲ, ಅದು ಅಂದಾಜು ಹಚ್ಚುತ್ತದೆ ಅಷ್ಟೆ. ಅಂದಾಜೇ ಆದರೆ ನಮ್ಮದೇ ವಾಸಿ, ಯಾಕೆಂದರೆ ನಮಗೆ ತಿಂಗಳು ಗೊತ್ತು.

ಉಳವಿ ಜಾತ್ರೆ ಭಾರತ ಹುಣ್ಣಿಮೆಯ ಸುಮಾರಿಗೆ, ಫೆಬ್ರವರಿ ಹೊತ್ತಿಗೆ. ಆಗ ದಾಂಡೇಲಿ ಕಡೆಯ ಕಾಡು ಮಳೆಗಾಲದ ಕಾಡಲ್ಲ. ಸಾಗವಾನಿಯ ಅಗಲ ಎಲೆಗಳು ಬಹಳಷ್ಟು ಉದುರಿ ನೆಲದ ಮೇಲೆ ಹಪ್ಪಳದಂತೆ ಒಣಗಿ ಬಿದ್ದಿರುತ್ತವೆ. ಬಿದಿರು ಒಣಹುಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ. ಅಲ್ಲೊಂದು ಇಲ್ಲೊಂದು ಮುತ್ತುಗ ಹೂ ಬಿಡುವ ಸಮಯ. ಜೋಯಿಡಾ, ಉಳವಿ ಹತ್ತಿರ ಹೋದಂತೆ ಹಸಿರು ದಟ್ಟವಾಗುತ್ತದೆ. ಅಂದರೆ ನೆಲದ ಮೇಲಿನ ಕೆಂಗಂದು ಪೂರ್ತಿ ಸುಳ್ಳಲ್ಲ, ಅದರಲ್ಲಿ ಅರ್ಧ ನಿಜವಾದ ತರಗೆಲೆ. ಮೇಲಿನ ಕೊಂಬೆಗಳ ಕೆಂಪು ಮಾತ್ರ ಸುಳ್ಳು. ನೆಲವನ್ನು ಕೆಂಗಂದಾಗಿಯೇ ಬಿಡಿ, ಮರಗಳಿಗೆ ಹಸಿರು ವಾಪಸು ಕೊಡಿ.

ಮರಗಳನ್ನೂ ಗುರುತಿಸಿ. ಎಲ್ಲ ಬೊಡ್ಡೆಗೂ ಒಂದೇ ಕಂದು ಬಳಿಯುವುದು ಸಾಲೆಯ ಹುಡುಗರ ಅಭ್ಯಾಸ. ಮತ್ತಿಮರದ ತೊಗಟೆ ಮೊಸಳೆಯ ಬೆನ್ನಿನ ಹಾಗೆ ಚೌಕ ಚೌಕ ಸೀಳಿ ಕಪ್ಪಗಿರುತ್ತದೆ. ನಂದಿಮರದ್ದು ನುಣುಪು, ತೆಳ್ಳಗೆ ಸಿಪ್ಪೆ ಎದ್ದು ಮಾಸಲು ಬಿಳಿ. ಸಾಗವಾನಿಯದು ಬೂದುಗಂದು. ನಿಮ್ಮ ಫೋಟೋದ ಬಲಗಡೆ ಚಕ್ಕಡಿಯ ಹಿಂದೆ ಬೆಳ್ಳಗೆ ನೆಟ್ಟಗೆ ನಿಂತದ್ದು ನಂದಿಯೇ ಇರಬೇಕು ಅಂತ ನನ್ನ ಊಹೆ. ಆ ಕಾಡು 2007ರಿಂದ ಹುಲಿ ರಕ್ಷಿತಾರಣ್ಯ. 2015ರಿಂದ ಅದರ ಹೆಸರು ಕಾಳಿ. ಜಾತ್ರೆಯ ಚಕ್ಕಡಿಗಳು ಈಗಲೂ ಉಳವಿಗೆ ಹೋಗುತ್ತವೆ. ಮನೆಯವರು ಯಾರಾದರೂ ಹೋದರೆ ಬೊಡ್ಡೆಗಳ ಒಂದೆರಡು ಫೋಟೋ ತರಲು ಹೇಳಿ.

ಇನ್ನು ಕೆಲಸಕ್ಕೆ ಬರೋಣ. ಹಳೆಯ ಫೋಟೋ ಮೂರೂವರೆ ಇಂಚು ಎತ್ತರ, ಐದು ಇಂಚು ಅಗಲ. ಅದರ ಮೇಲೆ ಪೆನ್ನು ಪೆನ್ಸಿಲು ಸೋಕಿಸಬೇಡಿ. ಅದೇ ಅಳತೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು, ಅದರ ಮೇಲೆ ಸ್ಕೆಚ್ ಪೆನ್ನಿನಿಂದ ಅರ್ಧ ಇಂಚಿಗೊಂದು ಗೆರೆ ಎಳೆಯಿರಿ. ಮೇಲಿನಿಂದ ಕೆಳಗೆ ಏಳು, ಎಡದಿಂದ ಬಲಕ್ಕೆ ಹತ್ತು. ಒಟ್ಟು 70 ಚೌಕ. ನೀರುಬಣ್ಣದ ದಪ್ಪ ಕಾಗದ 15 ಇಂಚು 22 ಇಂಚಿನದು ಸಿಗುತ್ತದೆ. ಅಂಚು ಬಿಟ್ಟು ನಡುವೆ 14ಕ್ಕೆ 20 ಇಂಚಿನ ಜಾಗ ಗುರುತಿಸಿ, ಎರಡೆರಡು ಇಂಚಿನ ಚೌಕ ಹಾಕಿ. ಅಲ್ಲೂ 70. ಫೋಟೋದ ಮೂರನೇ ಸಾಲಿನ ಐದನೇ ಚೌಕದಲ್ಲಿ ಎತ್ತಿನ ಕೊಂಬು ಇದ್ದರೆ ಕಾಗದದ ಅದೇ ಚೌಕದಲ್ಲಿ ಕೊಂಬು. ಚುಕ್ಕಿ ಇಟ್ಟು ರಂಗೋಲಿ ಹಾಕುವವರಿಗೆ ಇದನ್ನು ಹೇಳಿಕೊಡಬೇಕೇ! ಅದರಲ್ಲೂ ಪಟ್ಟೆದಂಚಿನ ಸೀರೆಯ ಚೌಕುಳಿ ನೇಯುವ ಊರಿನವರು ನೀವು. ಚಿತ್ರ ನಾಲ್ಕು ಪಟ್ಟು ದೊಡ್ಡದಾಗುತ್ತದೆ. ಮಂಜುಗಣ್ಣಿಗೆ ಅಷ್ಟು ಬೇಕೇ ಬೇಕು. ಪೆನ್ಸಿಲನ್ನು ಒತ್ತದೆ ಹಗುರವಾಗಿ ಎಳೆಯಿರಿ. ಹೊರಗೆರೆ ಬಂದ ಕೂಡಲೇ ಚೌಕದ ಗೆರೆ ಅಳಿಸಿಬಿಡಿ, ಬಣ್ಣ ಬಿದ್ದ ಮೇಲೆ ಅವು ಹೋಗುವುದಿಲ್ಲ. ಎಲೆ ಎಲೆ ಬರೆಯಲು ಹೋಗಬೇಡಿ. ಬೊಡ್ಡೆ, ಚಕ್ಕಡಿ, ಎತ್ತು, ಹೆಣ್ಣುಮಗಳು, ಇಷ್ಟು ಸಾಕು.

ಸಾಮಾನಿಗೆ ಹೆಚ್ಚು ಖರ್ಚು ಬೇಡ, ಆದರೆ ಕಾಗದದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. 300 ಜಿ.ಎಸ್.ಎಂ. ತೂಕದ, ಸ್ವಲ್ಪ ತರಿಯಿರುವ ಕಾಗದ ಕೇಳಿ. ಸಾಲೆಯ ಡ್ರಾಯಿಂಗ್ ಹಾಳೆ ನೀರು ತಾಗಿದರೆ ಸಂಡಿಗೆಯಂತೆ ಉಬ್ಬುತ್ತದೆ. ಅದು ರೂಢಿ ಮಾಡಿಕೊಳ್ಳಲು ಇರಲಿ. ದುಂಡು ಬ್ರಷ್ 12ನೇ ನಂಬರು, 6ನೇ ನಂಬರು, ಕಡ್ಡಿ ಕೊಂಬೆಗಳಿಗೆ ಒಂದು ತೆಳ್ಳನೆಯದು. ಎರಡು ಲೋಟ ನೀರು: ಒಂದು ಬ್ರಷ್ ತೊಳೆಯಲು, ಇನ್ನೊಂದು ಬಣ್ಣ ಕಲಸಲು. ನಮ್ಮ ಕಡೆ ಬೋರಿನ ನೀರು ಗಡಸು. ಒಣಗಿದಾಗ ಬಣ್ಣದಲ್ಲಿ ಬಿಳಿ ಕಲೆ ಉಳಿಸೀತು, ಕುಡಿಯುವ ಫಿಲ್ಟರ್ ನೀರೇ ಬಳಸಿ. ಬಣ್ಣ ಕಲಸಲು ಬಿಳಿ ಪಿಂಗಾಣಿ ತಟ್ಟೆ. ಒರೆಸಲು ಹಳೆಯ ಕಾಟನ್ ಸೀರೆಯ ತುಂಡು, ಅದರ ಇನ್ನೊಂದು ಉಪಯೋಗ ಮುಂದೆ ಹೇಳುತ್ತೇನೆ.

ಬಣ್ಣ ಆರು ಸಾಕು: ಲೆಮನ್ ಯೆಲ್ಲೋ, ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಕ್ರಿಮ್ಸನ್, ಅಲ್ಟ್ರಾಮರೀನ್ ನೀಲಿ, ಪ್ರಷ್ಯನ್ ನೀಲಿ. ಡಬ್ಬಿಯಲ್ಲಿ ಸಿದ್ಧ ಹಸಿರು ಇರುತ್ತದೆ. ಅದನ್ನು ಹಾಗೇ ಬಳಿದರೆ ಕಾಡು ಪ್ಲಾಸ್ಟಿಕ್ ಹೂಕುಂಡದಂತೆ ಕಾಣುತ್ತದೆ, ಮುಟ್ಟಬೇಡಿ. ಓಕರ್‌ಗೆ ಅಲ್ಟ್ರಾಮರೀನ್ ಸೇರಿದರೆ ಬೇಸಗೆಯ ಮಾಸಲು ಹಸಿರು. ಲೆಮನ್ ಯೆಲ್ಲೋಗೆ ಚೂರು ಪ್ರಷ್ಯನ್ ನೀಲಿ ಸೇರಿದರೆ ಚಿಗುರು. ಪ್ರಷ್ಯನ್ ನೀಲಿ ಇಂಗಿನ ಹಾಗೆ, ಚಿಟಿಕೆಗಿಂತ ಹೆಚ್ಚಾದರೆ ಸಾರೆಲ್ಲ ಅದೇ ಆಗುತ್ತದೆ. ಬೊಡ್ಡೆಗಳಿಗೆ ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಮಿಶ್ರಣ. ನೀಲಿ ಹೆಚ್ಚಾದರೆ ಬೂದಿ, ಸಿಯೆನ್ನಾ ಹೆಚ್ಚಾದರೆ ಕಂದು, ಎರಡೂ ಗಟ್ಟಿಯಾದರೆ ಕಪ್ಪು. ಹಾಗಾಗಿ ಕಪ್ಪು ಬಣ್ಣ ಬೇರೆ ಬೇಕಿಲ್ಲ. ಬಿಳಿಯಂತೂ ಬೇಡವೇ ಬೇಡ. ನೀರುಬಣ್ಣದಲ್ಲಿ ಬಿಳುಪೆಂದರೆ ಕಾಗದ. ಎತ್ತುಗಳ ಬೆನ್ನು, ಹೆಣ್ಣುಮಗಳ ಸೆರಗಿನ ಮೇಲೆ ಬಿದ್ದ ಬಿಸಿಲು, ಇವುಗಳನ್ನು ಮೊದಲೇ ಗುರುತಿಸಿ ಅಲ್ಲಿ ಬ್ರಷ್ ಹೋಗದಂತೆ ಕಾಯಬೇಕು. ಎಣ್ಣೆಬಣ್ಣದವರು ಕಪ್ಪಿನಿಂದ ಬೆಳಕಿಗೆ ಬರಬಹುದು. ನಾವು ಬೆಳಕಿನಿಂದ ಕಪ್ಪಿಗೆ ಹೋಗುವವರು.

ಬ್ರಷ್ ಹಿಡಿಯುವ ಮೊದಲು ಫೋಟೋವನ್ನು ಕಣ್ಣು ಕಿರಿದು ಮಾಡಿ ನೋಡಿ. ಅಥವಾ ಫೋನಿನಲ್ಲಿ ಕಪ್ಪು-ಬಿಳುಪು ಮಾಡಿಸಿ. ಆಗ ಕಾಣುವುದು ಮೂರೇ: ಬೆಳಕು, ನಡುವಣದು, ಕತ್ತಲು. ಪುಟ್ಟ ಚೀಟಿಯ ಮೇಲೆ ಪೆನ್ಸಿಲಿನಿಂದ ಈ ಮೂರರ ನಕ್ಷೆ ಮಾಡಿಕೊಳ್ಳಿ. ಹತ್ತು ನಿಮಿಷದ ಕೆಲಸ. ನಿಮ್ಮ ಚಿತ್ರಕ್ಕೆ ಇದು ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ಪೊರೆ ಬಂದ ಕಣ್ಣಿಗೆ ಸಣ್ಣ ಬಣ್ಣಭೇದ ತಿಳಿಯುವುದಿಲ್ಲ, ಬೆಳಕು-ಕತ್ತಲಿನ ದೊಡ್ಡ ಭೇದ ತಿಳಿಯುತ್ತದೆ. ಬಿಳಿ ಎತ್ತಿನ ಹಿಂದೆ ಗಾಢ ನೆರಳು ಬಂದರೆ ಅತ್ತೆಯವರಿಗೆ ಎತ್ತು ಸಿಕ್ಕಿತು. ಫೋಟೋದಲ್ಲಿ ಅಲ್ಲಿ ಅಷ್ಟು ಗಾಢ ಇಲ್ಲದಿದ್ದರೂ ಮಾಡಿ. ಫೋಟೋ ಹೇಳಿದ್ದೆಲ್ಲ ಕೇಳಲೇಬೇಕೆಂದು ಯಾರೂ ಆಣೆ ಹಾಕಿಲ್ಲ.

ಬೆಳಿಗ್ಗೆ ಎಂಟರೊಳಗೆ ಕೂರಿ, ಫ್ಯಾನು ಆರಿಸಿ. ನಿಮ್ಮೂರಿನ ಬಿಸಿಲಿಗೆ, ಗುಡ್ಡದ ಗಾಳಿಗೆ ಬಣ್ಣ ಹಚ್ಚುವಷ್ಟರಲ್ಲಿ ಒಣಗುತ್ತದೆ. ನೀರಿಗೆ ಎರಡು ಮೂರು ಹನಿ ಗ್ಲಿಸರಿನ್ ಹಾಕಿದರೆ ಸ್ವಲ್ಪ ತಡೆದು ಒಣಗುತ್ತದೆ. ಕಾಗದದ ನಾಲ್ಕೂ ಅಂಚನ್ನು ಹಲಗೆಗೆ ಟೇಪಿನಿಂದ ಅಂಟಿಸಿ, ಹಲಗೆಯ ಹಿಂಬದಿಗೆ ಒಂದು ಪುಸ್ತಕ ಇಟ್ಟು ಓರೆ ಮಾಡಿ.

ಮೊದಲು ದೂರದ ಕಾಡು. ದೊಡ್ಡ ಬ್ರಷ್‌ನಿಂದ ಎತ್ತು, ಚಕ್ಕಡಿ ಬಿಟ್ಟು ಮೇಲಿನ ಭಾಗಕ್ಕೆ ಬರೀ ನೀರು ಹಚ್ಚಿ. ಕಾಗದ ಹೊಳೆಯುತ್ತಿರುವಾಗಲೇ ತೆಳ್ಳನೆಯ ಓಕರ್, ಅದರ ಪಕ್ಕ ಮಾಸಲು ಹಸಿರು, ಅಲ್ಲಲ್ಲಿ ತಿಳಿನೀಲಿ ಬಿಡಿ. ಅವು ತಾವೇ ಹಬ್ಬಿ ಒಂದರೊಳಗೊಂದು ಸೇರುತ್ತವೆ. ಅದೇ ದೂರದ ಮರಗಳು, ಬೇರೆ ಏನೂ ಬರೆಯಬೇಕಿಲ್ಲ. ದೂರದ್ದು ಯಾಕೆ ಮಸುಕು ಅಂತ ಅನುಮಾನ ಬಂದರೆ ಕಾಲಕಾಲೇಶ್ವರದ ಗುಡ್ಡ ಹತ್ತಿದಾಗ ಗಾಳಿಯಂತ್ರಗಳನ್ನು ನೋಡಿ. ಹತ್ತಿರದ್ದು ಬೆಳ್ಳಗೆ ಕಡಿದಂತೆ ಕಾಣುತ್ತದೆ, ಹಿಂದಿನದು ಮಾಸಲು, ಇನ್ನೂ ಹಿಂದಿನದು ಆಕಾಶದಲ್ಲೇ ಕರಗಿರುತ್ತದೆ. ಕಾಡಿನೊಳಗೂ ಹಾಗೇ. ಬೆಂಗಳೂರಿಗೆ ಹೋದವರು ವೆಂಕಟಪ್ಪ ಚಿತ್ರಶಾಲೆಯ ಹೆಸರು ಕೇಳಿರುತ್ತೀರಿ, ಆ ಕೆ. ವೆಂಕಟಪ್ಪನವರು ಊಟಿ, ಕೊಡೈಕೆನಾಲ್‌ಗಳನ್ನು ನೀರುಬಣ್ಣದಲ್ಲಿ ಬರೆದಾಗ ನೆಚ್ಚಿದ್ದು ಇದನ್ನೇ, ನೀರು ಮತ್ತು ಮಸುಕನ್ನು.

ಈ ಹಂತದಲ್ಲಿ ಎರಡು ಎಚ್ಚರಿಕೆ. ಬಣ್ಣ ಒಣಗಿದಾಗ ಒಂದು ಪಾಲು ತಿಳಿಯಾಗುತ್ತದೆ, ಆದ್ದರಿಂದ ಹಸಿಯಲ್ಲಿ ಸ್ವಲ್ಪ ಜಾಸ್ತಿ ಅನ್ನಿಸುವಷ್ಟು ಇರಲಿ. ಮತ್ತೆ, ಅರ್ಧ ಒಣಗಿದಾಗ ತಿದ್ದಲು ಹೋಗಬೇಡಿ; ಆಗ ಬಿದ್ದ ನೀರಿನ ಹನಿ ಬಣ್ಣವನ್ನು ತಳ್ಳಿ ಹೂಕೋಸಿನಂಥ ಕಲೆ ಮಾಡುತ್ತದೆ. ಎದ್ದು ಹೋಗಿ ಉಪ್ಪಿಟ್ಟಿಗೆ ರವೆ ಹುರಿಯಿರಿ.

ಬಣ್ಣ ಹಸಿಯಾಗಿರುವಾಗಲೇ ಒಲೆಯ ಹೊಗೆ ತೆಗೆಯಬೇಕು. ಸೀರೆಯ ತುಂಡನ್ನು ಒದ್ದೆ ಮಾಡಿ ಹಿಂಡಿ, ಬೆರಳಿಗೆ ಸುತ್ತಿ, ಒಲೆಯ ಮೇಲಿನಿಂದ ಮರಗಳ ಕಡೆಗೆ ಸ್ವಲ್ಪ ಬಾಗಿಸಿ ಒತ್ತುತ್ತಾ ಹೋಗಿ. ಬಣ್ಣ ಎದ್ದು ಬಂದು ಹೊಗೆ ಉಳಿಯುತ್ತದೆ. ಬಿಳಿ ಬಣ್ಣದಿಂದ ಬರೆದ ಹೊಗೆ ಹತ್ತಿಯ ಉಂಡೆಯ ಹಾಗೆ ಕಾಣುತ್ತದೆ, ಹೀಗೆ ಎತ್ತಿದ್ದೇ ಹೊಗೆ.

ಪೂರ್ತಿ ಒಣಗಿದ ಮೇಲೆ ಬೊಡ್ಡೆಗಳು. ಫೋಟೋದಲ್ಲಿ ಬಿಸಿಲು ಎಡಗಡೆಯಿಂದ ಬಂದಿದೆ. ಗಾಲಿಯ ನೆರಳು ಬಲಕ್ಕೆ ಬಿದ್ದದ್ದು ನೋಡಿ. ಒಂದೊಂದು ಬೊಡ್ಡೆಯನ್ನೂ ತಿಳಿಬಣ್ಣದಲ್ಲಿ ಒಂದೇ ಸಲ ಎಳೆದು, ಹಸಿ ಇರುವಾಗ ಬಲ ಅಂಚಿಗೆ ಗಾಢಬಣ್ಣ ಸೋಕಿಸಿ. ಅದು ಎಡಕ್ಕೆ ಹರಿದು ಬೊಡ್ಡೆ ದುಂಡಗಾಗುತ್ತದೆ. ನಂದಿಮರಕ್ಕೆ ಮಾತ್ರ ಉಲ್ಟಾ ಕೆಲಸ: ಅದನ್ನು ಬಳಿಯಬೇಡಿ, ಅದರ ಎರಡೂ ಪಕ್ಕದ ಕಾಡನ್ನು ಗಾಢ ಮಾಡಿ, ಮರ ತಾನೇ ಬೆಳ್ಳಗೆ ಮುಂದೆ ಬರುತ್ತದೆ. ಮತ್ತಿಯ ತೊಗಟೆಗೆ ಬ್ರಷ್‌ನ ನೀರನ್ನೆಲ್ಲ ಒರೆಸಿ, ಗಟ್ಟಿ ಬಣ್ಣ ಅದ್ದಿ ಅಡ್ಡಡ್ಡ ಸವರಿ. ಕಾಗದದ ತರಿಯೇ ಮೊಸಳೆ ಚರ್ಮ ಮಾಡಿಕೊಡುತ್ತದೆ. ನೆಲಕ್ಕೆ ಸಿಯೆನ್ನಾ, ಓಕರ್, ಚೂರು ಕ್ರಿಮ್ಸನ್. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಬಣ್ಣ ಚಿಮ್ಮಿಸಿದರೆ ತರಗೆಲೆ, ಆದರೆ ಎತ್ತು ಮತ್ತು ಹೆಣ್ಣುಮಗಳ ಮೇಲೆ ಕಾಗದ ಮುಚ್ಚಿಕೊಂಡು ಚಿಮ್ಮಿಸಿ! ನೆರಳಿಗೆ ಅಲ್ಟ್ರಾಮರೀನ್ ಜೊತೆ ಕ್ರಿಮ್ಸನ್, ತೆಳ್ಳಗೆ, ಒಂದೇ ಎಳೆತ. ಫೋಟೋದಲ್ಲಿ ನೆರಳು ಕೆಂಪು ಮಸಿಯಂತೆ ಇದೆ. ಅದನ್ನು ನಂಬಬೇಡಿ, ಬಿಸಿಲಿನ ನೆರಳು ನೀಲಿ. ನಿಮ್ಮ ಮನೆಯ ಬಿಳಿ ಗೋಡೆಯ ಮೇಲೆ ಬೇವಿನ ನೆರಳು ಬಿದ್ದಾಗ ನೋಡಿ ಬೇಕಾದರೆ.

ಅತ್ತೆಯವರ ಮುಖ ಹೇಗೆ ತೆಗೆಯಲಿ ಎಂದು ಕೇಳಿದ್ದೀರಿ. ತೆಗೆಯಬೇಡಿ. ಚಿತ್ರ ನಾಲ್ಕು ಪಟ್ಟಾದರೂ ಮುಖ ಅಡಿಕೆಯಷ್ಟೇ. ಕಣ್ಣು ಮೂಗು ಇಟ್ಟರೆ ಗೊಂಬೆಯಾಗುತ್ತದೆ. ಬಗ್ಗಿದ ಬೆನ್ನು, ಮೊಣಕಾಲ ಮೇಲೆ ಊರಿದ ಕೈ, ತಲೆಯ ಮೇಲಿನ ಸೆರಗು, ಇವನ್ನು ಚೌಕ ಎಣಿಸಿ ಸರಿಯಾಗಿ ಹಿಡಿಯಿರಿ. ತಾನು ಕೂರುವ ರೀತಿ ಯಾವ ಹೆಣ್ಣಿಗೆ ತಿಳಿಯದು? ಸೀರೆಯ ಬಣ್ಣವನ್ನು ಮಾತ್ರ ಫೋಟೋ ಹೇಳುವುದಿಲ್ಲ, ಅತ್ತೆಯವರನ್ನೇ ಕೇಳಿ. ಕಾಡಿನ ಹಸಿರು ಮರೆತಿರಬಹುದು, ಆ ಸೀರೆ ಮರೆತಿರಲಾರರು.

ಪತ್ರದ ಕೊನೆಯ ಸಾಲಿಗೆ ಬರುತ್ತೇನೆ. “ಫೋಟೋ ತಗದವರು ನಮ್ಮ ಮಾವನವರು. ಅದಕ ಅವರು ಅದರಾಗ ಇಲ್ಲ. ಈಗ ಅವರೂ ಇಲ್ಲ. ಬ್ಯಾರೆ ಫೋಟೋ ನೋಡಿ ಅವರನ್ನ ಚಕ್ಕಡಿ ಮಗ್ಗಲಕ ನಿಂದರಸಲೇನ್ರಿ?” ಇದರ ಬಗ್ಗೆ ನಾನು ಬಹಳ ಯೋಚಿಸಿದೆ. ಕೈಚಳಕದ ದೃಷ್ಟಿಯಿಂದ ಕಷ್ಟ: ಬೇರೆ ಫೋಟೋದ ಬೆಳಕು ಬೇರೆ ಕಡೆಯಿಂದ ಬಂದಿರುತ್ತದೆ, ನಿಲುವು ಬೇರೆ, ಅಂಟಿಸಿದ ಹಾಗೆ ಕಾಣುತ್ತದೆ. ಅದಕ್ಕಿಂತ ಹೆಚ್ಚಾಗಿ, ಮಾವನವರು ಆ ಚಿತ್ರದಲ್ಲಿ ಇಲ್ಲ ಅಂತ ನನಗೆ ಅನ್ನಿಸುವುದಿಲ್ಲ. ಆ ಮರಗಳು, ಆ ಹೊಗೆ, ಬಗ್ಗಿದ ಹೆಂಡತಿ, ಎಲ್ಲವೂ ಅವರು ನಿಂತ ಜಾಗದಿಂದ ಕಂಡದ್ದು. ಚಿತ್ರದ ಮುಂದೆ ಕುರ್ಚಿ ಹಾಕಿ ಅತ್ತೆಯವರನ್ನು ಕೂರಿಸಿದರೆ ಅವರು ಕೂರುವುದು ಅದೇ ಜಾಗದಲ್ಲಿ. ನನ್ನ ಅಭಿಪ್ರಾಯ ಇದು. ಆದರೆ ತೀರ್ಮಾನ ನನ್ನದೂ ಅಲ್ಲ, ನಿಮ್ಮದೂ ಅಲ್ಲ. ಪೆನ್ಸಿಲು ಹಿಡಿಯುವ ಮೊದಲೇ ಅತ್ತೆಯವರನ್ನು ಕೇಳಿ. ನಿಲ್ಲಿಸು ಅಂದರೆ ಚಕ್ಕಡಿಯ ನೆರಳಿನಲ್ಲಿ, ಬೆನ್ನು ಮಾಡಿ, ರುಮಾಲು ಮಾತ್ರ ಬಿಸಿಲಿಗೆ ಕಾಣುವ ಹಾಗೆ ನಿಲ್ಲಿಸಿ. ನೆರಳಿನಲ್ಲಿದ್ದರೆ ಬೆಳಕಿನ ತಕರಾರು ಬರುವುದಿಲ್ಲ.

ಒಂದೇ ಸಲಕ್ಕೆ ದೊಡ್ಡ ಕಾಗದಕ್ಕೆ ಹೋಗಬೇಡಿ. ಅಗ್ಗದ ಹಾಳೆಯ ಮೇಲೆ ಏಳು ಇಂಚು ಹತ್ತು ಇಂಚಿನಲ್ಲಿ ಎರಡು ಸಲವಾದರೂ ಮಾಡಿ ನೋಡಿ. ಗದಗದಲ್ಲಿ ಟಿ.ಪಿ. ಅಕ್ಕಿಯವರು ಕಟ್ಟಿದ ವಿಜಯ ಕಲಾ ಮಂದಿರದ ಪುಣ್ಯದಿಂದ ನಮ್ಮ ಸೀಮೆಯಲ್ಲಿ ಡ್ರಾಯಿಂಗ್ ಮಾಸ್ತರರಿಗೆ ಬರವಿಲ್ಲ. ನಿವೃತ್ತರಾದವರು ಯಾರಾದರೂ ಓಣಿಯಲ್ಲಿದ್ದರೆ ಚಹಾಕ್ಕೆ ಕರೆಯಿರಿ, ಅರ್ಧ ಗಂಟೆ ಬ್ರಷ್ ಹಿಡಿಯುವುದನ್ನು ನೋಡಿದರೆ ನನ್ನ ಎರಡು ಪುಟಕ್ಕೆ ಸಮ.

ಚಿತ್ರ ಆದ ಮೇಲೆ ಗಾಜಿಗೆ ತಾಗದಂತೆ ನಡುವೆ ದಪ್ಪ ರಟ್ಟಿನ ಅಂಚು ಕೊಡಿಸಿ ಕಟ್ಟು ಹಾಕಿಸಿ. ತಾಗಿದರೆ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ನೇರ ಬಿಸಿಲು ಬೀಳುವ ಗೋಡೆ ಬೇಡ, ಅಗ್ಗದ ಕ್ರಿಮ್ಸನ್ ಬಣ್ಣ ಬಿಸಿಲಿಗೆ ಹಾರಿಹೋಗುತ್ತದೆ. ಅತ್ತೆಯವರ ಮಂಚದಿಂದ ನಾಲ್ಕಡಿ ದೂರ, ಅವರು ಕೂತಾಗ ಕಣ್ಣಿನ ಎತ್ತರಕ್ಕೆ, ಕಿಟಕಿಯ ಬೆಳಕು ಪಕ್ಕದಿಂದ ಬರುವಂತೆ ತೂಗುಹಾಕಿ. ಎದುರಿಗೆ ಕಿಟಕಿ ಇದ್ದರೆ ಗಾಜಿನಲ್ಲಿ ಕಿಟಕಿಯೇ ಕಾಣುತ್ತದೆ, ಕಾಡಲ್ಲ. ಮೂಲ ಫೋಟೋವನ್ನು ಎಸೆಯಬೇಡಿ, ಪೆಟ್ಟಿಗೆಗೇ ವಾಪಸು ಇಡಿ.

ರೋಣದ ಸೋದರಿಗೆ: ಬಟ್ಟೆಗೆ ಹಚ್ಚುವ ಫ್ಯಾಬ್ರಿಕ್ ಬಣ್ಣವನ್ನು ನೀರಲ್ಲಿ ಕಲಸಿ ಈ ಕೆಲಸ ಮಾಡಬಹುದೇ ಎಂದಿದ್ದೀರಿ. ಬೇಡ. ನೀರುಬಣ್ಣವನ್ನು ಹಿಡಿದಿಡುವುದು ಗೋಂದು, ಒಣಗಿದ ಮೇಲೂ ನೀರು ತಾಗಿದರೆ ಕರಗುತ್ತದೆ, ತಿದ್ದಬಹುದು. ಫ್ಯಾಬ್ರಿಕ್ ಬಣ್ಣ ಒಮ್ಮೆ ಒಣಗಿದರೆ ಪ್ಲಾಸ್ಟಿಕ್ಕಿನಂತೆ ಕೂರುತ್ತದೆ, ಮತ್ತೆ ಏಳುವುದಿಲ್ಲ. ಅದನ್ನು ದಿಂಬಿನ ಚೀಲಕ್ಕೆ ಇಟ್ಟುಕೊಳ್ಳಿ. ದಿಂಬಿನ ಚೀಲದ ನಮೂನೆ ಬರುವ ಸಂಚಿಕೆಯಲ್ಲಿ.